ಅಪ್ಪ ‘ಮಸುಕು’ ಅಂದ ಫೋಟೋ

ಹೋದ ಸಲ ಫೋನಿನ ಮೆಮೊರಿ ತುಂಬಿದಾಗ ಏನು ಅಳಿಸಬೇಕು, ಏನು ಉಳಿಸಬೇಕು ಅಂತ ಬರೆದಿದ್ದೆ. ಅದನ್ನ ಓದಿ ನಮ್ಮ ಅತ್ತೆ ಫೋನ್ ಮಾಡಿ, “ಅಳಿಸೋದು ಹೇಳಿಕೊಟ್ಟೆ, ಸರಿ. ಚೆನ್ನಾಗಿ ತೆಗೆಯೋದು ಯಾವಾಗ ಹೇಳಿಕೊಡ್ತೀಯ?” ಅಂದ್ರು. ಅತ್ತೆ ಮಾತು ಮೀರೋ ಹಾಗಿಲ್ಲ. ಹಾಗಾಗಿ ಈ ಸಲ ಫೋಟೋ ವಿಷಯ. ಅದರಲ್ಲೂ ಫೋನಿನ ಕ್ಯಾಮೆರಾ ಮೇಲೆ ಬಟ್ಟೆ ಕ್ಲಿಪ್ಪಿನ ಥರ ಸಿಕ್ಕಿಸೋ ಪುಟಾಣಿ ಲೆನ್ಸುಗಳ ವಿಷಯ.

ನಾನು ಮೊದಲು ಕೊಂಡಿದ್ದು 349 ರೂಪಾಯಿಯ ಸೆಟ್ಟು. ಬಾಲ್ಕನಿಯ ತುಳಸಿ ಹೂವನ್ನ ಹತ್ತಿರದಿಂದ ತೆಗೆಯೋಣ ಅಂತ ಎಷ್ಟು ಒದ್ದಾಡಿದರೂ ಫೋನು ಹಿಂದಿನ ಗ್ರಿಲ್ಲಿಗೆ ಫೋಕಸ್ ಮಾಡ್ತಿತ್ತೇ ಹೊರತು ಹೂವಿಗೆ ಮಾಡ್ತಿರಲಿಲ್ಲ. ಆ ಸಿಟ್ಟಿನಲ್ಲಿ ರಾತ್ರಿ ಹನ್ನೊಂದಕ್ಕೆ ಆರ್ಡರ್ ಮಾಡಿದ್ದು. ಡಬ್ಬಿಯಲ್ಲಿ ಮೂರು ಲೆನ್ಸು ಅಂತ ಬರೆದಿತ್ತು. ತೆರೆದು ನೋಡಿದರೆ ಎರಡೇ! ಮೋಸ ಹೋದೆ ಅಂತ ವಾಪಸ್ ಕಳಿಸೋಕೆ ಹೊರಟಿದ್ದೆ. ನಮ್ಮನೆಯವರು ಕೈಯಲ್ಲಿ ಹಿಡಿದು ತಿರುಗಿಸ್ತಾ ಇದ್ದಾಗ ಒಂದು ಲೆನ್ಸು ಎರಡಾಯ್ತು. ಇಂಥ ಅಗ್ಗದ ಸೆಟ್ಟುಗಳಲ್ಲಿ ಮ್ಯಾಕ್ರೋ ಲೆನ್ಸಿನ ಮೇಲೇ ವೈಡ್ ಲೆನ್ಸನ್ನ ತಿರುಚಿ ಕೂರಿಸಿರ್ತಾರೆ. ಹತ್ತಿರದ ಫೋಟೋ ಬೇಕಂದ್ರೆ ಮುಂದಿನ ದಪ್ಪ ಗಾಜನ್ನ ಬಿಚ್ಚಿ ತೆಗೆಯಬೇಕು. ಇದು ಗೊತ್ತಿಲ್ಲದೆ “ಮ್ಯಾಕ್ರೋ ಬರಲ್ಲ, ದಂಡ” ಅಂತ ಡ್ರಾಯರಿಗೆ ಎಸೆದವರು ನನ್ನ ಆಫೀಸಿನಲ್ಲೇ ಇಬ್ಬರಿದ್ದಾರೆ.

ಯಾವ ಲೆನ್ಸು ಏನು ಮಾಡುತ್ತೆ ಅಂತ ಚುಟುಕಾಗಿ ಹೇಳಿಬಿಡ್ತೀನಿ. ಫಿಶ್‌ಐ ಅಂದ್ರೆ ಎಲ್ಲವನ್ನೂ ಗುಂಡಗೆ ಉಬ್ಬಿಸಿ ತೋರಿಸೋದು. ನಮ್ಮನೆಯವರ ಮೂಗು ಬೋಂಡಾದಂತೆ ಬಂತು, ಮಕ್ಕಳು ಒಂದು ಸಂಜೆ ನಕ್ಕರು, ಅಲ್ಲಿಗೆ ಅದರ ಕೆಲಸ ಮುಗೀತು. ವೈಡ್ ಲೆನ್ಸು ಹೆಚ್ಚು ಜಾಗ ಹಿಡಿಸುತ್ತೆ, ಆದರೆ ಅಗ್ಗದ್ದಾದರೆ ಫೋಟೋದ ಮೂಲೆಗಳು ಕಲಸಿದ ಹಾಗಾಗುತ್ತೆ. ಈಗಿನ ಬಹಳಷ್ಟು ಫೋನುಗಳಲ್ಲಿ ಅಲ್ಟ್ರಾವೈಡ್ ಕ್ಯಾಮೆರಾ ಇದ್ದೇ ಇರೋದರಿಂದ ಅದಕ್ಕೆ ದುಡ್ಡು ಹಾಕೋ ಅಗತ್ಯ ಇಲ್ಲ. ಇನ್ನು ಉದ್ದ ಕೊಳವೆಯ ಟೆಲಿ ಲೆನ್ಸು. ಇದು ದೂರದ ಹಕ್ಕಿಯನ್ನ ಹತ್ತಿರ ತರೋದು ನಿಜ, ಜೊತೆಗೆ ನಮ್ಮ ಕೈ ನಡುಕವನ್ನೂ ಅಷ್ಟೇ ಪಟ್ಟು ದೊಡ್ಡದು ಮಾಡುತ್ತೆ. ಟ್ರೈಪಾಡ್ ಇಲ್ಲದೆ ಅದರ ಸಹವಾಸ ಬೇಡ.

ಉಳಿದದ್ದು ಮ್ಯಾಕ್ರೋ. ಕೊಟ್ಟ ದುಡ್ಡಿಗೆ ನ್ಯಾಯ ಒದಗಿಸೋದು ಇದೊಂದೇ ಅನ್ನೋದು ನನ್ನ ಅನುಭವ.

ಇದು ಹೇಗೆ ಕೆಲಸ ಮಾಡುತ್ತೆ ಅನ್ನೋದು ಹೈಸ್ಕೂಲಿನ ಪೀನ ಮಸೂರದ ಪಾಠವೇ. ಫೋನಿನ ಕ್ಯಾಮೆರಾ ಸಾಮಾನ್ಯವಾಗಿ ಎಂಟು, ಹತ್ತು ಸೆಂಟಿಮೀಟರಿಗಿಂತ ಹತ್ತಿರ ಬಂದ ವಸ್ತುವಿಗೆ ಫೋಕಸ್ ಮಾಡಲಾರದು. ಹೊಸ ದುಬಾರಿ ಫೋನುಗಳಲ್ಲಿ ಸೆನ್ಸರ್ ದೊಡ್ಡದಾಗಿರೋದರಿಂದ ಈ ದೂರ ಇನ್ನೂ ಜಾಸ್ತಿ. ಮುಂದೆ ಒಂದು ಪೀನ ಮಸೂರ ಇಟ್ಟರೆ, ಅದರ ಸಂಗಮ ದೂರದಲ್ಲಿರೋ ವಸ್ತು ಕ್ಯಾಮೆರಾಕ್ಕೆ ಎಲ್ಲೋ ದೂರದಲ್ಲಿದ್ದಂತೆ ಕಾಣುತ್ತೆ. ವಯಸ್ಸಾದವರಿಗೆ ಓದೋ ಕನ್ನಡಕ ಮಾಡೋ ಕೆಲಸವೂ ಇದೇ. ಲೆನ್ಸಿನ ಮೇಲೆ ‘10 ಎಕ್ಸ್’ ಅಂತ ಬರೆದಿದ್ದರೆ ಹತ್ತು ಪಟ್ಟು ದೊಡ್ಡ ಫೋಟೋ ಬರುತ್ತೆ ಅಂತಲ್ಲ. ಭೂತಗನ್ನಡಿಗೆ ಹಾಕೋ ಲೆಕ್ಕ ಅದು. ಕಣ್ಣಿಗೆ ಆರಾಮಾದ ಓದೋ ದೂರ 250 ಮಿಲಿಮೀಟರ್ ಅಂತ ಇಟ್ಟುಕೊಂಡು, ಅದನ್ನ ಹತ್ತರಿಂದ ಭಾಗಿಸಿದರೆ 25 ಮಿಲಿಮೀಟರ್ ಸಂಗಮ ದೂರ. ಅಂದರೆ ಹೂವು ಲೆನ್ಸಿನಿಂದ ಸುಮಾರು ಎರಡೂವರೆ ಸೆಂಟಿಮೀಟರ್ ದೂರದಲ್ಲಿರಬೇಕು. ಅದಕ್ಕಿಂತ ಸ್ವಲ್ಪ ಆಚೆ ಹೋದರೂ ಮಂಜು, ಈಚೆ ಬಂದರೂ ಮಂಜು.

ಹಾಗೆ ನೋಡಿದರೆ ಒಂದೇ ಒಂದು ಮಸೂರದಿಂದ ಲೋಕ ನೋಡಿದ್ದು ನಾವೇ ಮೊದಲಲ್ಲ. ಹದಿನೇಳನೇ ಶತಮಾನದಲ್ಲಿ ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೀವೆನ್‌ಹಾಕ್, ಮಣಿಯಷ್ಟು ಚಿಕ್ಕ ಗಾಜನ್ನ ಲೋಹದ ತಗಡಿನ ನಡುವೆ ಕೂರಿಸಿ, 200 ಪಟ್ಟಿಗೂ ಹೆಚ್ಚು ದೊಡ್ಡದು ಮಾಡಿ, ನೀರಿನ ಹನಿಯೊಳಗಿನ ಸೂಕ್ಷ್ಮಜೀವಿಗಳನ್ನ ಕಂಡಿದ್ದ. ನಮ್ಮ ಕ್ಲಿಪ್ ಲೆನ್ಸು ಅವನ ಹತ್ತಿರಕ್ಕೂ ಹೋಗಲ್ಲ. ಆದರೆ ಅವನ ಬಳಿ ಇಲ್ಲದ ಕ್ಯಾಮೆರಾ ನಮ್ಮ ಬಳಿ ಇದೆಯಲ್ಲ!

ಕೆಲವು ಪಾಠ ನಾನು ತಪ್ಪು ಮಾಡಿ ಕಲಿತಿದ್ದು. ಮೂರು ಕ್ಯಾಮೆರಾ ಇರೋ ಫೋನಾದರೆ ಮುಖ್ಯ ಕ್ಯಾಮೆರಾ ಯಾವುದು ಅಂತ ಮೊದಲು ಹುಡುಕಿ. ಕ್ಯಾಮೆರಾ ತೆರೆದು ಒಂದೊಂದನ್ನೇ ಬೆರಳಿನಿಂದ ಮುಚ್ಚಿದರೆ, ಯಾವುದು ಮುಚ್ಚಿದಾಗ ಪರದೆ ಕಪ್ಪಾಗುತ್ತೋ ಅದೇ. ಲೆನ್ಸಿನ ನಡು ಕ್ಯಾಮೆರಾದ ನಡುವಿಗೆ ಸರಿಯಾಗಿ ಕೂರಬೇಕು. ದಪ್ಪ ಕವರ್ ಇದ್ದರೆ ತೆಗೆಯಿರಿ. ಆಮೇಲೆ ಸೆಟ್ಟಿಂಗಿನಲ್ಲಿ ‘ಆಟೋ ಮ್ಯಾಕ್ರೋ’ ಇದ್ದರೆ ಆಫ್ ಮಾಡಿ. ಇಲ್ಲದಿದ್ದರೆ ವಸ್ತು ಹತ್ತಿರ ಬಂದ ತಕ್ಷಣ ಫೋನು ತಾನೇ ಬುದ್ಧಿವಂತ ಅಂತ ಪಕ್ಕದ ಕ್ಯಾಮೆರಾಕ್ಕೆ ಜಿಗಿಯುತ್ತೆ, ನೀವು ಕೂರಿಸಿದ ಲೆನ್ಸು ಸುಮ್ಮನೆ ಕೂತಿರುತ್ತೆ.

ಫೋಕಸ್ಸಿಗೆ ಪರದೆ ಒತ್ತೋದಕ್ಕಿಂತ ಫೋನನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ. ಮೊಣಕೈಯನ್ನ ಗೋಡೆಗೋ ಮಂಡಿಗೋ ಊರಿ. ಉಸಿರು ಬಿಟ್ಟು, ಸಾಲಾಗಿ ಹತ್ತು ಫೋಟೋ ಹೊಡೆಯಿರಿ, ಒಂದಾದರೂ ಸರಿ ಇರುತ್ತೆ. ಗಾಳಿ ಏಳೋ ಮೊದಲಿನ ಬೆಳಗ್ಗಿನ ಹೊತ್ತು ಒಳ್ಳೇದು. ಫ್ಲಾಶ್ ಬೇಡ, ಲೆನ್ಸಿನ ನೆರಳೇ ವಸ್ತುವಿನ ಮೇಲೆ ಬೀಳುತ್ತೆ. ಬದಲಿಗೆ ಒಂದು ಬಿಳಿ ಹಾಳೆಯನ್ನ ಪಕ್ಕದಲ್ಲಿ ಹಿಡಿದರೆ ಬೆಳಕು ಮೆತ್ತಗೆ ಬೀಳುತ್ತೆ. ಮಲೆನಾಡಿನವರಾದರೆ ಮಳೆಗಾಲದಲ್ಲಿ ಲೆನ್ಸನ್ನ ಗಾಳಿಯಾಡದ ಡಬ್ಬಿಯಲ್ಲಿ, ಶೂ ಡಬ್ಬಿಯಲ್ಲಿ ಸಿಗೋ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಗಾಜಿಗೂ ಬೂಷ್ಟು ಹಿಡಿಯುತ್ತೆ.

ಇಷ್ಟೇ ಆಗಿದ್ದರೆ ಇದು ಬರೀ ಫೋಟೋ ಪಾಠ ಆಗ್ತಿತ್ತು. ಆದರೆ ಆ 349 ರೂಪಾಯಿ ಲೆನ್ಸು ನಮ್ಮನೆಯಲ್ಲಿ ಬೇರೆ ಒಂದು ಕೆಲಸ ಮಾಡ್ತು.

ನಮ್ಮೂರು ತೀರ್ಥಹಳ್ಳಿ ಕಡೆ. ಏಪ್ರಿಲ್‌ನಲ್ಲಿ ಮಕ್ಕಳನ್ನ ಕರ್ಕೊಂಡು ಹೋಗಿದ್ದೆ. ಅಪ್ಪ ಹಿಂದಿನ ಮಳೆಗಾಲದಲ್ಲಿ ಇನ್ನೂರು ಅಡಿಕೆ ಸಸಿ ಹಾಕಿದ್ದರು. ಅವುಗಳ ಎಲೆ ಹಳದಿಯಾಗ್ತಾ ಇತ್ತು. ‘ಹಳದಿ ಎಲೆ ರೋಗ’ ಅನ್ನೋ ಹೆಸರು ಕೇಳಿದರೇ ನಮ್ಮ ಕಡೆಯವರಿಗೆ ಕೈಕಾಲು ಆಡಲ್ಲ. ಶೃಂಗೇರಿ, ಕೊಪ್ಪದ ಕಡೆ ತೋಟಗಳೇ ಹೋಗಿವೆ. ಅಪ್ಪ ಬಾಯಿಬಿಟ್ಟು ಆ ಹೆಸರು ಹೇಳಿರಲಿಲ್ಲ. “ನೀರು ಸಾಲ್ತಿಲ್ಲ ಅಷ್ಟೇ” ಅಂತಿದ್ದರು. ಅಮ್ಮ ಮಾತ್ರ ಅಡುಗೆಮನೆಯಲ್ಲಿ ಮೆಲ್ಲಗೆ, “ರಾತ್ರಿ ನಿದ್ದೆ ಮಾಡ್ತಿಲ್ಲ ಕಣೆ” ಅಂದ್ರು.

ಬೆಳಗ್ಗೆ ತೋಟಕ್ಕೆ ಹೋದಾಗ ನಾನೊಂದು ಎಲೆ ತಿರುಗಿಸಿ ನೋಡಿದೆ. ನಡುನರದ ಉದ್ದಕ್ಕೂ ಇಟ್ಟಿಗೆ ಪುಡಿ ಉದುರಿಸಿದ ಹಾಗೆ ಏನೋ. ಅಪ್ಪನಿಗೆ ತೋರಿಸಿದೆ. ಎಲೆ ಹಿಡಿದು, ದೂರ ಮಾಡಿ, ಹತ್ತಿರ ತಂದು, “ಎಂತದೂ ಇಲ್ಲ ಮಾರಾಯ್ತಿ, ಧೂಳು” ಅಂದ್ರು. ಬ್ಯಾಗಿನಲ್ಲಿ ಲೆನ್ಸಿತ್ತು. ಸಿಕ್ಕಿಸಿ ತೆಗೆದೆ. ಧೂಳು ನಡೀತಾ ಇತ್ತು! ಕೆಂಪು ನುಸಿ. ಒಂದೊಂದೂ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಮಾತ್ರ. ಕಾಲು ಎಣಿಸೋಕೆ ಆಗ್ಲಿಲ್ಲ, ಆದರೆ ಕೆಂಪು ಮೈ, ಬೆನ್ನಿನ ಮೇಲಿನ ಕಪ್ಪು ಮಚ್ಚೆ ಸ್ಪಷ್ಟವಾಗಿತ್ತು.

ಓಡಿಬಂದು ಜಗಲಿಯಲ್ಲಿ ಕೂತಿದ್ದ ಅಪ್ಪನಿಗೆ ತೋರಿಸಿದೆ. ನೋಡಿದ್ರು. “ಮಸುಕಾಗಿದೆ ಪುಟ್ಟಿ.”

ಇರಬಹುದು ಅಂತ ವಾಪಸ್ ಹೋಗಿ, ಬಿಳಿ ಹಾಳೆ ಹಿಡಿದು, ಮೊಣಕೈ ಊರಿ, ಮತ್ತೆ ಇಪ್ಪತ್ತು ತೆಗೆದೆ. ಒಳ್ಳೇದನ್ನ ಆರಿಸಿ ತಂದೆ. “ಇದೂ ಮಸುಕೇ. ನಿನ್ನ ಲೆನ್ಸು ಸರಿ ಇಲ್ಲ.” ಮೂರನೇ ಸಲ ಹೋಗಿ ಬಂದೆ. ಅದೇ ಮಾತು. ನನಗೆ ಸ್ವಲ್ಪ ಸಿಟ್ಟೇ ಬಂತು. ಅಷ್ಟರಲ್ಲಿ ಅಮ್ಮ ಸೆರಗಿಗೆ ಕೈ ಒರೆಸ್ಕೊಳ್ತಾ ಬಂದು, ಕನ್ನಡಕ ಏರಿಸಿ ನೋಡಿ, “ಅಯ್ಯೋ, ಎಷ್ಟೊಂದು ಹುಳ! ಬೆನ್ನ ಮೇಲೆ ಕಪ್ಪು ಚುಕ್ಕಿ ಬೇರೆ” ಅಂದುಬಿಟ್ಟರು.

ಅಪ್ಪ ಏನೂ ಮಾತಾಡಲಿಲ್ಲ. ಫೋನನ್ನ ನನ್ನ ಕೈಗೆ ಕೊಟ್ಟು ತೋಟದ ಕಡೆ ನೋಡ್ತಾ ಕೂತರು.

ಆಗ ಒಂದೊಂದೇ ನೆನಪಾಗತೊಡಗಿತು. ಒಂದು ವರ್ಷದಿಂದ ಪೇಪರನ್ನ ಜಗಲಿಯ ಅಂಚಿನ ಬಿಸಿಲಲ್ಲೇ ಓದೋದು. ಸಂಜೆ ಮೇಲೆ ಬೈಕ್ ತೆಗೆಯದೆ, “ಪೇಟೆಗೆ ನಾಳೆ ಹೋದರಾಯ್ತು” ಅನ್ನೋದು. ವಿಡಿಯೋ ಕಾಲಿನಲ್ಲಿ ಮೊಮ್ಮಗನಿಗೆ “ಬೆಳಕಿಗೆ ಬಾರೋ” ಅನ್ನೋದು. ವಾರಕ್ಕೆರಡು ಸಲ ಅದೇ ವಿಡಿಯೋ ಕಾಲಿನಲ್ಲಿ ನಾನು ಅಪ್ಪನ ಮುಖ ನೋಡ್ತಾ ಇದ್ದೆ. ಇಂಜಿನಿಯರಿಂಗ್ ಓದಿದ್ದೀನಿ, ಆಫೀಸಿನಲ್ಲಿ ಬೇರೆಯವರ ಕೋಡಿನಲ್ಲಿ ತಪ್ಪು ಹುಡುಕೋದೇ ನನ್ನ ಕೆಲಸ. ಇದು ಮಾತ್ರ ಕಂಡಿರಲಿಲ್ಲ.

“ಯಾವಾಗಿಂದ ಅಪ್ಪಾ?” ಅಂದೆ.

“ದೀಪಾವಳಿ ಕಳೆದ ಮೇಲೆ ಜಾಸ್ತಿ ಆಗಿದೆ. ನಿಮಗೆಲ್ಲ ಯಾಕೆ ತಲೆಬಿಸಿ ಅಂತ…” ಅಂದ್ರು. ಅಮ್ಮನಿಗೂ ಹೇಳಿರಲಿಲ್ಲ.

ಮಾರನೇ ದಿನವೇ ಶಿವಮೊಗ್ಗಕ್ಕೆ ಹೋದೆವು. ಎರಡೂ ಕಣ್ಣಿಗೆ ಪೊರೆ, ಬಲಗಣ್ಣಿನದ್ದು ಚೆನ್ನಾಗಿ ಬಲಿತಿತ್ತು. ಮೇ ತಿಂಗಳಲ್ಲಿ ಬಲಗಣ್ಣಿನ ಆಪರೇಷನ್ ಆಯ್ತು. ಮಂಜಾದ ಮಸೂರ ತೆಗೆದು ಅದರ ಜಾಗಕ್ಕೆ ಕೃತಕ ಮಸೂರ ಕೂರಿಸಿದರು. ಮೊದಲ ಬಾರಿಗೆ ಇಂಥದ್ದನ್ನ ಮಾಡಿದ್ದು 1949ರಲ್ಲಿ, ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ. ಯುದ್ಧವಿಮಾನದ ಗಾಜಿನಂಥ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಅದನ್ನ ಸಹಿಸಿಕೊಳ್ಳೋದನ್ನ ಗಮನಿಸಿ, ಅದೇ ಬಗೆಯ ಪ್ಲಾಸ್ಟಿಕ್ಕಿನಿಂದ ಮಸೂರ ಮಾಡಿಸಿದ್ದರಂತೆ. ಇದನ್ನ ಆಸ್ಪತ್ರೆಯಲ್ಲಿ ಕಾಯ್ತಾ ಅಪ್ಪನಿಗೆ ಹೇಳಿದೆ. “ಹಂಗಾದ್ರೆ ನಿಂದು ಹೊರಗಿನ ಲೆನ್ಸು, ನಂದು ಒಳಗಿನ ಲೆನ್ಸು. ನಂದು ಕಳೆದುಹೋಗಲ್ಲ ನೋಡು” ಅಂದ್ರು. ಆ ಹೊತ್ತಿಗೆ ಅವರ ತಮಾಷೆ ವಾಪಸ್ ಬಂದಿತ್ತು.

ಸಸಿಗಳ ಕಥೆ ಹೇಳೋದು ಮರೆತೆ. ಫೋಟೋವನ್ನ ಪರಿಚಯದ ಕೃಷಿ ಅಧಿಕಾರಿಯೊಬ್ಬರಿಗೆ ವಾಟ್ಸಾಪ್ ಮಾಡಿದೆ. “ಫೋಟೋ ಚೆನ್ನಾಗಿದೆ, ಆದರೆ ಎಲೆ ತನ್ನಿ” ಅಂದ್ರು. ಅದು ಸರಿಯಾದ ಮಾತು. ಲೆನ್ಸು ಅನುಮಾನ ಹುಟ್ಟಿಸಬಹುದು, ತೀರ್ಮಾನ ತಿಳಿದವರದ್ದೇ ಆಗಬೇಕು. ಎಲೆ ನೋಡಿ, ನುಸಿಯೇ ಅಂತ ಖಾತ್ರಿ ಮಾಡಿ, ಒಣ ಬೇಸಿಗೆಯಲ್ಲಿ ಇದು ಹೆಚ್ಚು, ಸಸಿಗೆ ನೆರಳು ಮಾಡಿ, ಎಲೆಯ ಅಡಿಭಾಗಕ್ಕೆ ನೀರು ಸಿಂಪಡಿಸಿ ಅಂದ್ರು. ಔಷಧಿಯನ್ನೂ ಬರೆದುಕೊಟ್ಟರು. ಜೂನ್ ಮಳೆ ಹಿಡಿಯೋ ಹೊತ್ತಿಗೆ ಹೊಸ ಸುಳಿ ಹಸಿರಾಗಿ ಬಂತು. ಹನ್ನೊಂದು ಸಸಿ ಹೋದವು, ಉಳಿದವು ನಿಂತವು.

ಹೋದ ತಿಂಗಳು ಊರಿಗೆ ಹೋದಾಗ ಅಪ್ಪ, “ಆ ಹುಳದ ಫೋಟೋ ಇದ್ಯಾ?” ಅಂತ ಕೇಳಿದರು. ಓದೋ ಕನ್ನಡಕ ಹಾಕ್ಕೊಂಡು, ಎಡಗಣ್ಣು ಮುಚ್ಚಿ, ಬಲಗಣ್ಣಲ್ಲಿ ಬಹಳ ಹೊತ್ತು ನೋಡಿದರು. ಮೊದಲ ಫೋಟೋ, ಎರಡನೆಯದು, ಮೂರನೆಯದು.

“ಮೊದಲನೇದೇ ಚೆನ್ನಾಗಿತ್ತಲ್ಲೇ” ಅಂದ್ರು.

ಎಡಗಣ್ಣಿನ ಆಪರೇಷನ್ ಅಡಿಕೆ ಕೊಯ್ಲು ಮುಗಿದ ಮೇಲೆ ಅಂತ ಹಟ. ಲೆನ್ಸು ಈಗ ಅಮ್ಮನ ಹತ್ತಿರ ಇದೆ. ದಿನಾ ಬೆಳಗ್ಗೆ ದಾಸವಾಳದ ಕೇಸರ, ಜೇಡನ ಬಲೆಯ ಇಬ್ಬನಿ, ಒಮ್ಮೆ ನುಚ್ಚಿನಲ್ಲಿದ್ದ ಹುಳ, ಹೀಗೆ ಫ್ಯಾಮಿಲಿ ಗ್ರೂಪಿಗೆ ಏನಾದರೂ ಬರ್ತಾನೇ ಇರುತ್ತೆ. ಅರ್ಧಕ್ಕರ್ಧ ಮಸುಕೇ. ಆದರೆ ಅಪ್ಪ ಒಂದೊಂದನ್ನೂ ನೋಡಿ ಯಾವುದು ಸರಿ ಬಂದಿಲ್ಲ ಅಂತ ತಪ್ಪದೆ ಹೇಳ್ತಾರೆ.

ನೀವು ಕೊಳ್ಳೋದಾದರೆ ಮೂರರ ಸೆಟ್ಟಿಗಿಂತ ಒಂದು ಒಳ್ಳೆ ಮ್ಯಾಕ್ರೋ ಲೆನ್ಸು ಸಾಕು. ಮೊದಲ ಫೋಟೋವನ್ನ ಮನೆಯ ಹಿರಿಯರಿಗೆ ತೋರಿಸಿ. ಅವರು ಮಸುಕು ಅಂದರೆ, ಲೆನ್ಸು ಒರೆಸೋ ಮೊದಲು ಒಂದು ಮಾತು ಕೇಳಿ.

ಅತ್ತೆ, ನಿಮಗೂ ಸೇರಿಸಿಯೇ ಹೇಳಿದ್ದು. ಮುಂದಿನ ಸಲ ಸಿಗೋಣ.