ಬಾಣಂತಿಯ ಜೀವ ಯಾರ ಹೊಣೆ?



ಹೆರಿಗೆಗೆಂದು ಆಸ್ಪತ್ರೆ ಸೇರಿದ ಮಗಳು ಕೂಸಿನೊಂದಿಗೆ ನಗುತ್ತಾ ಮರಳುವಳೆಂದೇ ಪ್ರತಿ ತಾಯಿಯೂ ನಂಬಿರುತ್ತಾಳೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಆ ನಂಬಿಕೆಗೆ ಪೆಟ್ಟು ಬಿತ್ತು. ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಿದ್ದ ಐವರು ಬಾಣಂತಿಯರು ಕೆಲವೇ ವಾರಗಳಲ್ಲಿ ಒಬ್ಬರ ಹಿಂದೊಬ್ಬರು ಕೊನೆಯುಸಿರೆಳೆದರು. ಡ್ರಿಪ್ ಮೂಲಕ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಮೂಡಿತು. ನಂತರ ರಾಜ್ಯದ ತಾಯಂದಿರ ಮರಣಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ, ಹೆಚ್ಚಿನವನ್ನು ತಡೆಯಬಹುದಿತ್ತೆಂದು ತಿಳಿದುಬಂತು.

ಸಾವು ಬದುಕು ಅಲ್ಲಾಹನ ಕೈಯಲ್ಲಿದೆ, ನಿಜ. ಆದರೆ ತಡೆಯಬಹುದಾಗಿದ್ದ ಸಾವನ್ನು ವಿಧಿಯೆಂದು ಹೇಳಿ ಕೈತೊಳೆದುಕೊಳ್ಳುವುದು ತವಕ್ಕುಲ್ ಆಗದು. ರೋಗಿಯ ಜೀವ ಆಸ್ಪತ್ರೆಯ ಕೈಗೆ ಒಪ್ಪಿಸಿದ ಅಮಾನತ್. ಅಮಾನತ್ ಎಂದ ಮೇಲೆ ಲೆಕ್ಕ ಕೊಡಲೇಬೇಕಲ್ಲವೇ?

ಲೆಕ್ಕವಿಟ್ಟರೆ ಜೀವ ಉಳಿಯುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಸೂಲಗಿತ್ತಿಯರ ವಿಭಾಗಕ್ಕಿಂತ ವೈದ್ಯರ ವಿಭಾಗದಲ್ಲೇ ಹೆಚ್ಚು ಬಾಣಂತಿಯರು ಜ್ವರದಿಂದ ಸಾಯುತ್ತಿದ್ದರು. ಡಾ. ಸೆಮ್ಮೆಲ್‌ವೈಸ್ ಎರಡೂ ಕಡೆಯ ಸಾವುಗಳನ್ನು ಹೋಲಿಸಿ ನೋಡಿದರು. ವೈದ್ಯರು ಶವಪರೀಕ್ಷೆ ಮುಗಿಸಿ ನೇರವಾಗಿ ಹೆರಿಗೆ ಮಾಡಿಸಲು ಬರುತ್ತಿದ್ದರು! ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವುದನ್ನು ಅವರು ಕಡ್ಡಾಯ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ವೇಳೆಗೆ 2ರ ಆಸುಪಾಸಿಗೆ ಇಳಿಯಿತು.

ಇಂದಿನ ಒಳ್ಳೆಯ ಆಸ್ಪತ್ರೆಯ ಗುರುತೂ ಇದೇ. ಅಲ್ಲಿ ಪ್ರತಿ ಸಾವು, ಪ್ರತಿ ಸೋಂಕು ದಾಖಲಾಗುತ್ತದೆ. ತಪ್ಪಾದರೆ ಕಿರಿಯ ನರ್ಸ್ ಕೂಡ ಹೆದರದೆ ಹೇಳಬಲ್ಲಳು. ಎಲ್ಲರೂ ಕುಳಿತು ಕಾರಣ ಹುಡುಕಿ ಮತ್ತೆ ಹಾಗಾಗದಂತೆ ನೋಡಿಕೊಳ್ಳುತ್ತಾರೆ. ಸಿಟ್ಟಿನಲ್ಲಿ ವೈದ್ಯರ ಮೇಲೆ ಕೈ ಮಾಡಿದರೆ ತಪ್ಪು ತಿದ್ದುವುದಿಲ್ಲ, ಇನ್ನಷ್ಟು ಆಳದಲ್ಲಿ ಹೂತುಹೋಗುತ್ತದೆ.

ನಮ್ಮ ಪಾಲಿನ ಹೊಣೆಯೂ ಇದೆ. ತಾಯಿ ಕಾರ್ಡನ್ನು ಮರೆಯದೆ ಒಯ್ಯಿರಿ. ಯಾವುದಾದರೂ ಔಷಧಿ ಒಗ್ಗದಿದ್ದರೆ ಮೊದಲೇ ತಿಳಿಸಿ. ಯಾವ ಚುಚ್ಚುಮದ್ದು, ಏಕೆಂದು ವಿನಯದಿಂದಲೇ ಕೇಳಿ. ಅದು ರೋಗಿಯ ಹಕ್ಕು. 2017ರಲ್ಲಿ ಆರಂಭವಾದ ಕೇಂದ್ರದ 'ಲಕ್ಷ್ಯ' ಯೋಜನೆಯು ಸರಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬ ಆಪ್ತ ಮಹಿಳೆ ಇರುವುದನ್ನು ಪ್ರೋತ್ಸಾಹಿಸುತ್ತದೆ, ಅದನ್ನು ಕೇಳಿಕೊಳ್ಳಿ. ಹೆರಿಗೆಯ ಬಳಿಕ ವಿಪರೀತ ರಕ್ತಸ್ರಾವ, ಜ್ವರ, ತೀವ್ರ ತಲೆನೋವು, ಉಸಿರಾಟಕ್ಕೆ ಕಷ್ಟ ಕಂಡರೆ 'ಬಾಣಂತಿಗೆ ಇದೆಲ್ಲ ಇದ್ದದ್ದೇ' ಎನ್ನಬೇಡಿ, ತಕ್ಷಣ ತಿಳಿಸಿ. ಖಾಸಗಿ ಆಸ್ಪತ್ರೆಯಲ್ಲಿ ಅನ್ಯಾಯವಾದರೆ ದೂರು ಕೇಳಲು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರವಿದೆ.

ಇನ್ನೊಂದು ಮಾತು. ರೋಗಿಯ ಸಂದರ್ಶನ ಪುಣ್ಯದ ಕೆಲಸ. ಆದರೆ ಇಡೀ ಕುಟುಂಬ ಒಮ್ಮೆಲೇ ವಾರ್ಡಿಗೆ ನುಗ್ಗಿ, ಕೂಸನ್ನು ಕೈಯಿಂದ ಕೈಗೆ ದಾಟಿಸಿದರೆ ಪುಣ್ಯದ ಜೊತೆ ಸೋಂಕೂ ಬರುತ್ತದೆ. ದಿನಕ್ಕೆ ಐದು ಬಾರಿ ವುಝೂ ಮಾಡುವ ನಮಗೆ ಕೈ ತೊಳೆಯಲು ಯಾರಾದರೂ ಕಲಿಸಬೇಕೇ? ಕೂಸನ್ನು ಮುಟ್ಟುವ ಮುನ್ನ ಸಾಬೂನು ಹಚ್ಚಿ ಕೈ ತೊಳೆಯಿರಿ. ಸ್ವಲ್ಪ ಹೊತ್ತು ಕುಳಿತು, ದುಆ ಮಾಡಿ, ಬಾಣಂತಿಯನ್ನು ಮಲಗಲು ಬಿಟ್ಟು ಬನ್ನಿ.