ತಗಡಿಗೆ ಬೇಗ ಸಿಟ್ಟು, ಮಣ್ಣಿಗೆ ತಾಳ್ಮೆ

ಮಕ್ಕಳೇ,

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಬಿಸಿಲು ಹೇಗಿರುತ್ತದೆಂದು ನಿಮಗೆ ಹೇಳಬೇಕಿಲ್ಲ. ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಹಿರಿಯರೊಂದಿಗೆ ದೇವಲ ಗಾಣಗಾಪುರದ ಭೀಮಾ-ಅಮರ್ಜಾ ಸಂಗಮಕ್ಕೆ ಹೋದಾಗ ಗಮನಿಸಿ. ಮಧ್ಯಾಹ್ನ ದಂಡೆಯ ಕಲ್ಲಿನ ಮೇಲೆ ಬರಿಗಾಲು ಇಡಲಾಗದು. ಪಕ್ಕದ ನೀರು ಮಾತ್ರ ತಂಪಾಗಿರುತ್ತದೆ. ಎರಡರ ಮೇಲೂ ಬೀಳುವುದು ಒಂದೇ ಬಿಸಿಲಲ್ಲವೇ?

ಇದಕ್ಕೆ ಒಂದು ಮುಖ್ಯ ಕಾರಣ ವಿಶಿಷ್ಟ ಉಷ್ಣ. 1 ಕಿಲೋಗ್ರಾಂ ವಸ್ತುವಿನ ಉಷ್ಣತೆಯನ್ನು 1 ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವ ಉಷ್ಣದ ಪ್ರಮಾಣವೇ ಆ ವಸ್ತುವಿನ ವಿಶಿಷ್ಟ ಉಷ್ಣ. ನೀರಿಗೆ ಸುಮಾರು 4200 ಜೂಲ್ ಬೇಕು. ಒಣ ಮಣ್ಣಿಗೆ ಸುಮಾರು 800, ಕಬ್ಬಿಣಕ್ಕೆ ಸುಮಾರು 450 ಜೂಲ್ ಸಾಕು. ನಿಧಾನವಾಗಿ ಕಾಯುವ ನೀರು ಆರುವುದೂ ನಿಧಾನವಾಗಿಯೇ. ಊಟಕ್ಕೆ ಕುಳಿತಾಗ ತೆಳು ರೊಟ್ಟಿ ಬೇಗ ಆರುತ್ತದೆ, ನೀರು ಹೆಚ್ಚಿರುವ ಬೇಳೆ ಸಾರು ಬಾಯಿ ಸುಡುತ್ತದೆ. ವಸ್ತು ಯಾವುದು ಎಂಬುದರ ಜೊತೆಗೆ ಎಷ್ಟಿದೆ ಎಂಬುದೂ ಮುಖ್ಯ.

ಈಗ ನಿಮ್ಮ ಮನೆಯ ಛಾವಣಿ ನೋಡಿ. ನಮ್ಮ ಹಳ್ಳಿಗಳ ಹಳೆಯ ಮಾಳಿಗೆ ಮನೆಗಳಿಗೆ ದಪ್ಪ ಮಣ್ಣಿನ ಛಾವಣಿ ಇರುತ್ತದೆ. ಅವುಗಳನ್ನು ಕೆಡವಿ ಕಬ್ಬಿಣದ ತಗಡು ಹೊದಿಸುವವರಿದ್ದಾರೆ. ಒಂದು ಲೆಕ್ಕ ಮಾಡೋಣ. ಅರ್ಧ ಮಿಲಿಮೀಟರ್ ದಪ್ಪದ ತಗಡು 1 ಚದರ ಮೀಟರಿಗೆ ಸುಮಾರು 4 ಕಿಲೋಗ್ರಾಂ ತೂಗುತ್ತದೆ. ಅದು 1 ಡಿಗ್ರಿ ಕಾಯಲು 4 × 450 = 1800 ಜೂಲ್ ಸಾಕು. ಅಷ್ಟೇ ಜಾಗದ, ಒಂದು ಅಡಿ ದಪ್ಪದ ಮಣ್ಣು 400 ಕಿಲೋಗ್ರಾಂಗೂ ಹೆಚ್ಚು. ಅದಕ್ಕೆ 400 × 800 = 3,20,000 ಜೂಲ್ ಬೇಕು! ನೂರು ಪಟ್ಟಿಗಿಂತಲೂ ಹೆಚ್ಚು. ಮೇಲಾಗಿ ಮಣ್ಣಿನ ಮೂಲಕ ಉಷ್ಣ ಬೇಗ ಸಾಗುವುದಿಲ್ಲ. ಆದ್ದರಿಂದಲೇ ತಗಡಿನ ಕೋಣೆ ಬೆಳಗ್ಗೆಯೇ ಒಲೆಯಾಗುತ್ತದೆ, ಮಾಳಿಗೆ ಮನೆ ಮಧ್ಯಾಹ್ನವೂ ತಂಪಾಗಿರುತ್ತದೆ.

ಮಾಳಿಗೆಗೂ ಕೊರತೆಗಳಿವೆ ನಿಜ. ಮಳೆಗಾಲದಲ್ಲಿ ಸೋರುತ್ತದೆ, ಆಗಾಗ ಹೊಸ ಮಣ್ಣು ಹಾಕಬೇಕು. ಹಗಲು ಹೀರಿದ ಉಷ್ಣವನ್ನು ರಾತ್ರಿ ಬಿಟ್ಟುಕೊಡುತ್ತದೆ, ಅದಕ್ಕೇ ಬೇಸಿಗೆಯಲ್ಲಿ ಜನ ಅಂಗಳದಲ್ಲಿ ಮಲಗುತ್ತಾರೆ. ಆದರೂ ಹಗಲಿನ ಬಿಸಿಲಿಗೆ ಮನೆಯಲ್ಲೇ ಇರುವ ಅಜ್ಜಿ, ತೊಟ್ಟಿಲ ಕೂಸು ಇವರ ಆರೋಗ್ಯ ದೊಡ್ಡದು. ಗಟ್ಟಿಯಾಗಿರುವ ಮಾಳಿಗೆಯನ್ನು ಕೆಡವದೆ ದುರಸ್ತಿ ಮಾಡಿಸುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ. ಶಿಥಿಲವಾಗಿದ್ದರೆ ಅದರ ಕೆಳಗೆ ವಾಸ ಬೇಡ. ತಗಡು ಅನಿವಾರ್ಯವಾದರೆ ಮೇಲೆ ಬಿಳಿ ಬಣ್ಣ ಬಳಿಯಲಿ, ಅದು ಬಿಸಿಲನ್ನು ಪ್ರತಿಫಲಿಸುತ್ತದೆ. ಒಳಗೆ ಸ್ವಲ್ಪ ಅಂತರ ಬಿಟ್ಟು ಬಿದಿರಿನ ತಟ್ಟಿ ಕಟ್ಟಲಿ.

ನನ್ನ ಮಾತನ್ನು ಸುಮ್ಮನೆ ನಂಬಬೇಡಿ. ಶಾಲೆಯ ಉಷ್ಣತಾಮಾಪಕದಿಂದ ಮಧ್ಯಾಹ್ನ 12 ಗಂಟೆಗೆ ಒಂದು ತಗಡಿನ ಕೋಣೆ, ಒಂದು ಮಾಳಿಗೆ ಕೋಣೆಯ ಗಾಳಿಯ ಉಷ್ಣತೆ ಅಳೆಯಿರಿ. ರಾತ್ರಿ 8 ಗಂಟೆಗೆ ಮತ್ತೆ ಅಳೆಯಿರಿ. ಒಂದು ವಾರ ಬರೆದಿಟ್ಟು, ಆ ಪಟ್ಟಿಯನ್ನು ಮನೆಯ ಹಿರಿಯರಿಗೆ ತೋರಿಸಿ. ಛಾವಣಿ ಬದಲಿಸುವ ಮಾತು ಬಂದಾಗ ನಿಮ್ಮ ಅಂಕಿಗಳೂ ಅವರ ಮುಂದಿರಲಿ.