ನಗೆಗೆ ಸಿಕ್ಕ ದ್ವೀಪ, ಸುದ್ದಿಯಾಗದ ಸಾವು



2025ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಪ್ರಕಟಿಸಿದ ಸುಂಕದ ಪಟ್ಟಿಯಲ್ಲಿ ಮನುಷ್ಯರೇ ಇಲ್ಲದ ಹರ್ಡ್ ದ್ವೀಪವೂ ಸೇರಿತ್ತು. ಪೆಂಗ್ವಿನ್‌ಗಳಿಗೂ ಸುಂಕವೇ ಎಂದು ಪತ್ರಿಕೆ, ಟಿವಿ, ಮೊಬೈಲುಗಳಲ್ಲೆಲ್ಲ ನಗೆಯೋ ನಗೆ. ಅದೇ ವರ್ಷ ನವೆಂಬರ್‌ನಲ್ಲಿ ಅದೇ ದ್ವೀಪದ ಆನೆ ಸೀಲ್‌ಗಳು ಎಚ್‌5ಎನ್‌1 ಹಕ್ಕಿ ಜ್ವರಕ್ಕೆ ಬಲಿಯಾಗಿರುವುದು ದೃಢಪಟ್ಟಿತು. ಆಗ ನಮ್ಮ ಮಾಧ್ಯಮಗಳು ಹೆಚ್ಚುಕಡಿಮೆ ಸುಮ್ಮನಿದ್ದವು. ನನ್ನ ಆಕ್ಷೇಪ ಇರುವುದು ಈ ಮೌನದ ಬಗ್ಗೆ.

ಹರ್ಡ್ ಆಸ್ಟ್ರೇಲಿಯಾಕ್ಕೆ ಸೇರಿದ್ದು, ಪರ್ತ್ ನಗರದಿಂದ ನಾಲ್ಕು ಸಾವಿರ ಕಿ.ಮೀ. ಆಚೆಗಿದೆ. 1855ರಿಂದ ಬೇಟೆಗಾರರು ಅಲ್ಲಿನ ಆನೆ ಸೀಲ್‌ಗಳನ್ನು ಕೊಂದು, ಕೊಬ್ಬು ಕುದಿಸಿ ಎಣ್ಣೆ ತೆಗೆದು ಪೀಪಾಯಿಗಟ್ಟಲೆ ಸಾಗಿಸಿದರು. ಕೆಲವೇ ದಶಕಗಳಲ್ಲಿ ಸಂತತಿ ಅಳಿವಿನಂಚಿಗೆ ಬಂತು. ಬೇಟೆ ನಿಂತ ಮೇಲಷ್ಟೇ ಚೇತರಿಸಿಕೊಂಡಿತು. ಹಡಗಿನ ಇಲಿಯಾಗಲಿ ಬೆಕ್ಕಾಗಲಿ ಅಲ್ಲಿ ನೆಲೆಯೂರಿಲ್ಲ. ಹಾಗಾಗಿ ಬಿಲ ತೋಡಿ ಮೊಟ್ಟೆಯಿಡುವ ಕಡಲ ಹಕ್ಕಿಗಳೂ ಉಳಿದುಕೊಂಡಿವೆ. ಬೇರೆಲ್ಲೂ ಇಲ್ಲದ ಒಂದು ಜಾತಿಯ ನೀರುಕಾಗೆ ಇರುವುದೂ ಅಲ್ಲೇ. 1997ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು.

ಈ ಹಕ್ಕಿ ಜ್ವರ ಏನು ಮಾಡಬಲ್ಲದೆಂದು 2023ರಲ್ಲೇ ಗೊತ್ತಾಗಿದೆ. ಅರ್ಜೆಂಟೀನಾದ ವಾಲ್ಡೆಸ್ ಪರ್ಯಾಯದ್ವೀಪದಲ್ಲಿ ಆ ವರ್ಷ ಹುಟ್ಟಿದ ಆನೆ ಸೀಲ್ ಮರಿಗಳಲ್ಲಿ ಶೇ 95ಕ್ಕೂ ಹೆಚ್ಚು ಸತ್ತವು. ಸತ್ತ ಮರಿಗಳ ಸಂಖ್ಯೆ 17 ಸಾವಿರ ದಾಟಿತು. 2024ರಲ್ಲಿ ಸೋಂಕು ಹರ್ಡ್‌ಗೆ ನೆರೆಯ ಕೆರ್ಗುಲೆನ್ ದ್ವೀಪಗಳನ್ನು ಮುಟ್ಟಿತು.

ಜನವೇ ಇಲ್ಲದ ದ್ವೀಪದ ಸುದ್ದಿ ಕನ್ನಡಿಗರಿಗೇಕೆ ಎನ್ನಬಹುದು. ಸುಂಕದ ತಮಾಷೆ ಪ್ರಕಟಿಸುವಾಗ ಈ ಪ್ರಶ್ನೆ ಯಾರಿಗೂ ಬರಲಿಲ್ಲ. ಭೂಪಟದಲ್ಲಿ ನಮ್ಮ ಕಾರವಾರದಿಂದ ನೆಟ್ಟಗೆ ದಕ್ಷಿಣಕ್ಕೆ ಗೆರೆ ಎಳೆದು ನೋಡಿ: ಅದು ಹರ್ಡ್ ದ್ವೀಪದ ಪಕ್ಕದಲ್ಲೇ ಹಾದು, ಅಂಟಾರ್ಕ್ಟಿಕದಲ್ಲಿ ಭಾರತದ್ದೇ ಆದ ಭಾರತಿ ಸಂಶೋಧನಾ ಕೇಂದ್ರದ ಸಮೀಪ ಮುಟ್ಟುತ್ತದೆ. ಅಂಟಾರ್ಕ್ಟಿಕದ ಕಡಲಿನ ಜೀವಿಗಳ ಸಂರಕ್ಷಣೆಗೆಂದೇ ಇರುವ ಅಂತರರಾಷ್ಟ್ರೀಯ ಆಯೋಗದಲ್ಲಿ ಭಾರತ ಸದಸ್ಯ ರಾಷ್ಟ್ರ. ಪೂರ್ವ ಅಂಟಾರ್ಕ್ಟಿಕದ ಕಡಲಲ್ಲಿ ಸಂರಕ್ಷಿತ ವಲಯ ಬೇಕೆಂಬ ಪ್ರಸ್ತಾವಕ್ಕೆ 2021ರಲ್ಲಿ ನಮ್ಮ ಸರ್ಕಾರ ಬೆಂಬಲ ಘೋಷಿಸಿತು. ಆದರೂ ಸದಸ್ಯರಲ್ಲಿ ಒಮ್ಮತ ಮೂಡದೆ ಅದು ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತಿದೆ. ರೋಗವನ್ನು ಸಂರಕ್ಷಿತ ವಲಯ ತಡೆಯಲಾರದು, ನಿಜ. ಆದರೆ ರೋಗದಿಂದ ನಲುಗಿದ ಸಂತತಿಗೆ ಮೀನುಗಾರಿಕೆಯ ಒತ್ತಡವೂ ಬೀಳದಂತೆ ನೋಡಿಕೊಳ್ಳಬಹುದು.

ಆಯೋಗದ ಸಭೆ ಪ್ರತಿವರ್ಷ ನಡೆಯುತ್ತದೆ. ಮುಂದಿನ ಸಭೆಗೆ ಮೊದಲು ನಮ್ಮ ಪ್ರತಿನಿಧಿಗಳ ನಿಲುವೇನು ಎಂದು ಸಂಪಾದಕರು ಭೂವಿಜ್ಞಾನ ಸಚಿವಾಲಯವನ್ನು ಕೇಳಿ, ಉತ್ತರವನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ, ಕಾರವಾರ